ಕುರ್‌ಆನ್ ಪುಸ್ತಕವಾದದ್ದು ಯಾವಾಗ?

ಅರಬ್ ಇತಿಹಾಸದ ಬಗ್ಗೆ ಬರೆಯುತ್ತೇನೆಂದು ಗೊತ್ತಿರುವವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ: ಕುರ್‌ಆನ್ ಪುಸ್ತಕವಾದದ್ದು ಯಾವ ವರ್ಷ? ಒಂದು ಇಸವಿ ಹೇಳಿ ಮಾತು ಮುಗಿಸಲು ನನಗೆ ಮನಸ್ಸು ಒಪ್ಪುವುದಿಲ್ಲ. ಬರಹ ಗಟ್ಟಿಯಾದ ಕಾಲ ಒಂದು, ಅದನ್ನು ಓದುವ ಬಗೆ ಗಟ್ಟಿಯಾದ ಕಾಲ ಇನ್ನೊಂದು. ಎರಡರ ನಡುವೆ ಸುಮಾರು ಮುನ್ನೂರು ವರ್ಷಗಳಿವೆ.

632ರಲ್ಲಿ ಪ್ರವಾದಿ ಮುಹಮ್ಮದರು ತೀರಿಕೊಂಡಾಗ ವಚನಗಳು ಮುಖ್ಯವಾಗಿ ಜನರ ಕಂಠದಲ್ಲಿದ್ದವು. ಬರಹದ ರೂಪದಲ್ಲಿದ್ದವು ಖರ್ಜೂರದ ಗರಿಯ ದಿಂಡು, ಚಪ್ಪಟೆ ಕಲ್ಲು, ತೊಗಲಿನ ತುಂಡುಗಳ ಮೇಲೆ ಚದುರಿದ್ದವು. ಪರಂಪರೆಯ ಪ್ರಕಾರ, ಯಮಾಮಾ ಕದನದಲ್ಲಿ ಕಂಠಪಾಠ ಬಲ್ಲ ಹಲವರು ಮಡಿದಾಗ ಪ್ರವಾದಿಯ ಒಡನಾಡಿ ಉಮರ್ ಕಳವಳಗೊಂಡು, ಎಲ್ಲವನ್ನೂ ಒಟ್ಟುಗೂಡಿಸುವಂತೆ ಮೊದಲ ಖಲೀಫ ಅಬೂಬಕರ್ ಅವರನ್ನು ಒತ್ತಾಯಿಸಿದರು. ಪ್ರವಾದಿಯೇ ಮಾಡದ ಕೆಲಸವನ್ನು ತಾನು ಹೇಗೆ ಮಾಡಲಿ ಎಂದು ಅಬೂಬಕರ್ ಮೊದಲು ಹಿಂಜರಿದರಂತೆ. ಕೊನೆಗೆ ಹೊಣೆ ಬಿದ್ದದ್ದು ಪ್ರವಾದಿಯ ಲಿಪಿಕಾರರಲ್ಲಿ ಒಬ್ಬರಾಗಿದ್ದ, ಮದೀನಾದ ತರುಣ ಝೈದ್ ಬಿನ್ ಸಾಬಿತ್ ಅವರ ಮೇಲೆ. ಒಂದು ಬೆಟ್ಟವನ್ನು ಕದಲಿಸು ಎಂದಿದ್ದರೂ ಇಷ್ಟು ಭಾರವೆನಿಸುತ್ತಿರಲಿಲ್ಲ ಎಂದು ಅವರು ಹೇಳಿದ್ದಾಗಿ ಹದೀಸಿನಲ್ಲಿ, ಅಂದರೆ ಪ್ರವಾದಿ ಮತ್ತು ಒಡನಾಡಿಗಳ ಬಗೆಗಿನ ವರದಿಗಳಲ್ಲಿ, ಇದೆ. ಅವರು ಸಿದ್ಧಪಡಿಸಿದ ಹಾಳೆಗಳು ಅಬೂಬಕರ್ ನಂತರ ಉಮರ್ ಬಳಿ, ಆಮೇಲೆ ಉಮರ್ ಅವರ ಮಗಳೂ ಪ್ರವಾದಿಯ ಪತ್ನಿಯೂ ಆದ ಹಫ್ಸಾ ಬಳಿ ಉಳಿದವು.

ಮೂರನೆಯ ಖಲೀಫ ಉಸ್ಮಾನ್ ಕಾಲದಲ್ಲಿ ರಾಜ್ಯ ಬೆಳೆದಿತ್ತು. ಅರ್ಮೇನಿಯಾ, ಅಜರ್‌ಬೈಜಾನ್ ಕಡೆಯ ದಂಡಯಾತ್ರೆಯಲ್ಲಿ ಸಿರಿಯಾದ ಸೈನಿಕರೂ ಇರಾಕಿನ ಸೈನಿಕರೂ ಓದುವ ರೀತಿಗಾಗಿ ಜಗಳವಾಡುವುದನ್ನು ಕಂಡ ಹುದೈಫಾ ಎಂಬ ದಂಡನಾಯಕರು ಓಡಿಬಂದು ಖಲೀಫರನ್ನು ಎಚ್ಚರಿಸಿದರು. ಹಫ್ಸಾ ಅವರ ಹಾಳೆಗಳನ್ನು ತರಿಸಿ, ಝೈದ್ ಹಾಗೂ ಪ್ರವಾದಿಯ ಬುಡಕಟ್ಟಾದ ಕುರೈಶರಲ್ಲಿ ಮೂವರು ಪ್ರತಿ ಮಾಡಿದರು. ಇದು ಸುಮಾರು 650ರ ಮಾತು. ಆ ಪ್ರತಿಗಳು ಮುಖ್ಯ ನಗರಗಳಿಗೆ ಹೋದವು. ಉಳಿದವನ್ನು ಸುಡಲು ಆಜ್ಞೆಯಾಯಿತು.

ಇಲ್ಲಿ ನನ್ನ ಮನಸ್ಸು ಇರಾಕಿನ ಕೂಫಾ ನಗರದಲ್ಲಿದ್ದ ಪ್ರವಾದಿಯ ಒಡನಾಡಿ ಇಬ್ನ್ ಮಸ್ಊದ್ ಅವರ ಕಡೆಗೆ ವಾಲುತ್ತದೆ. ಝೈದ್ ಇನ್ನೂ ಬಾಲಕನಾಗಿದ್ದಾಗಲೇ ತಾನು ಪ್ರವಾದಿಯ ಬಾಯಿಂದ ಎಪ್ಪತ್ತು ಅಧ್ಯಾಯ ಕಲಿತವನೆಂದು ಅವರು ಪ್ರತಿಭಟಿಸಿದರಂತೆ. ಒಡೆಯಲಿದ್ದ ಸಮುದಾಯವನ್ನು ಉಸ್ಮಾನ್ ಹಿಡಿದು ನಿಲ್ಲಿಸಿದ್ದು ನಿಜ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ಆದರೆ ಹಾಗೆ ಕಳುಹಿಸಿದ ಪ್ರತಿಯನ್ನು ಬರೀ ಅಕ್ಷರ ನೋಡಿ ಓದಲಾಗುತ್ತಿರಲಿಲ್ಲ. ಅಂದಿನ ಅರಬಿ ಲಿಪಿಯಲ್ಲಿ ಸ್ವರಚಿಹ್ನೆ ಇಲ್ಲ, ಚುಕ್ಕೆಗಳೂ ಬಹುಪಾಲು ಇಲ್ಲ. ಪದದ ನಡುವಿನ ಪುಟ್ಟ ಹಲ್ಲಿನಂಥ ಗೀಟು ಬ, ತ, ಥ, ನ, ಯ ಇವುಗಳಲ್ಲಿ ಯಾವುದೂ ಆಗಬಹುದು. ಮೊದಲೇ ಬಾಯಿಪಾಠ ಇದ್ದವನಿಗೆ ಮಾತ್ರ ಆ ಬರಹ ನೆನಪಿನ ಆಧಾರ. ಆದ್ದರಿಂದಲೇ ಪ್ರತಿಗಳ ಜೊತೆಗೆ ಓದಿ ಹೇಳಿಕೊಡುವವರೂ ಬೇಕಾದರು. ಸ್ವರ ತೋರಿಸಲು ಬಣ್ಣದ ಚುಕ್ಕೆ ಇಡುವ ಕ್ರಮವನ್ನು ಬಸ್ರಾದ ಅಬುಲ್ ಅಸ್ವದ್ ಆರಂಭಿಸಿದರೆಂದು ಪ್ರತೀತಿ. ಇಂದಿನ ಸ್ವರಚಿಹ್ನೆಗಳು ಎಂಟನೆಯ ಶತಮಾನದ ವ್ಯಾಕರಣಕಾರ ಖಲೀಲ್ ಅವರ ಹೆಸರಿನಲ್ಲಿವೆ.

ಈ ಕಥೆಗಳೆಲ್ಲ ಬಹಳ ತಡವಾಗಿ ಬರೆದಿಟ್ಟವಲ್ಲವೇ ಎಂದು ಕೆಲವರು ಮರುಪ್ರಶ್ನೆ ಹಾಕುತ್ತಾರೆ. ಹೌದು. 1970ರ ದಶಕದಲ್ಲಿ ಕೆಲವು ವಿದ್ವಾಂಸರು ಇಡೀ ಪಠ್ಯವೇ ಒಂದೂವರೆ, ಎರಡು ಶತಮಾನ ತಡವಾಗಿ ರೂಪುಗೊಂಡಿತು ಎಂದೂ ವಾದಿಸಿದ್ದರು. ಹಸ್ತಪ್ರತಿಗಳು ಆ ವಾದವನ್ನು ದುರ್ಬಲಗೊಳಿಸಿವೆ. ಬರ್ಮಿಂಗ್‌ಹ್ಯಾಮ್‌ನ ಎರಡು ಹಾಳೆಗಳ ತೊಗಲು 568ರಿಂದ 645ರ ನಡುವಿನದೆಂದು ರೇಡಿಯೊಕಾರ್ಬನ್ ಪರೀಕ್ಷೆ ಹೇಳಿತು. ಯೆಮನ್‌ನ ಸನಾ ಮಸೀದಿಯಲ್ಲಿ 1972ರಲ್ಲಿ ಸಿಕ್ಕ ಹಾಳೆಗಳ ರಾಶಿಯಲ್ಲಿ ಒಂದು ಪ್ರತಿ ಇನ್ನೂ ಅಮೂಲ್ಯ: ಅದರಲ್ಲಿ ಅಳಿಸಿದ ಕೆಳಗಿನ ಬರಹದ ಪದಗಳೂ ಅಧ್ಯಾಯಗಳ ಕ್ರಮವೂ ಉಸ್ಮಾನೀ ಪ್ರತಿಗಿಂತ ಅಲ್ಲಲ್ಲಿ ಬೇರೆ, ಮೇಲಿನ ಬರಹ ಉಸ್ಮಾನೀ ಪಾಠ. ಬೇರೆ ಪ್ರತಿಗಳಿದ್ದವು ಎಂಬ ಪರಂಪರೆಯ ಮಾತಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಕಾಣುವುದಿಲ್ಲ.

ಓದುವ ಬಗೆಗಳಿಗೆ ಎಲ್ಲೆ ಹಾಕಿದ್ದು ಬಾಗ್ದಾದಿನ ಇಬ್ನ್ ಮುಜಾಹಿದ್. 936ರಲ್ಲಿ ತೀರಿಕೊಂಡ ಅವರು ಏಳು ಪಾಠಗಳನ್ನು, ಅಂದರೆ ಓದುವ ಬಗೆಗಳನ್ನು, ಆರಿಸಿದರು. ಅವುಗಳಲ್ಲಿ ಕೂಫಾದ ಆಸಿಮ್ ಅವರಿಂದ ಶಿಷ್ಯ ಹಫ್ಸ್ ಕಲಿತ ಪಾಠ ನಮ್ಮ ಮಸೀದಿಗಳಲ್ಲಿ ಕೇಳುವಂಥದ್ದು, 1924ರಲ್ಲಿ ಕೈರೋದಲ್ಲಿ ಅಚ್ಚಾದ ಪ್ರಭಾವಿ ಆವೃತ್ತಿಯೂ ಅದೇ. ಮೊದಲ ಅಧ್ಯಾಯದಲ್ಲಿ ಅದು ದೇವರನ್ನು ತೀರ್ಪಿನ ದಿನದ ‘ಮಾಲಿಕ್’, ಅಂದರೆ ಒಡೆಯ, ಎನ್ನುತ್ತದೆ. ಮೊರಾಕೊದಲ್ಲಿ ವರ್ಶ್ ಎಂಬ ಇನ್ನೊಂದು ಪಾಠದವರು ಅದೇ ಅಕ್ಷರಗಳನ್ನು ‘ಮಲಿಕ್’, ಅಂದರೆ ರಾಜ, ಎಂದು ಓದುತ್ತಾರೆ. ಎರಡನ್ನೂ ಮುಸ್ಲಿಂ ವಿದ್ವಾಂಸರು ಸರಿಯೆಂದೇ ಒಪ್ಪುತ್ತಾರೆ.