ಏಡಿಗಳಿಗೊಂದು ಡಾಕ್: ಡೊಂಬಿವಲಿ ಮನೆಯ ದಾಖಲೆ

ಜೂನ್ 8, ಭಾನುವಾರ

ನಮ್ಮ ಮನೆಯಲ್ಲಿ ಗೇಮ್ ಕಂಟ್ರೋಲರ್‌ಗೆ ಏಡಿ ಅಂತ ಹೆಸರು. ಇಟ್ಟದ್ದು ಅಮ್ಮ. ಕುಂದಾಪುರದಿಂದ ಬಂದ ಮೊದಲ ವಾರವೇ ಸೋಫಾದ ಮೇಲೆ ಮಗುಚಿ ಬಿದ್ದಿದ್ದ ಡ್ಯುಯಲ್‌ಸೆನ್ಸ್ ನೋಡಿ, "ಇದೆಂಥದು ಮಾರಾಯ, ಬಿಳಿ ಏಡಿ ಹಾಗೆ?" ಅಂದರು. ಅಲ್ಲಿಗೆ ನಾಮಕರಣ ಮುಗಿಯಿತು.

ಈಗ ಮನೆಯಲ್ಲಿ ನಾಲ್ಕು ಏಡಿಗಳಿವೆ. ಸೋನಿ ಕಂಪನಿಯ ಪ್ಲೇಸ್ಟೇಷನ್ 5, ಅಂದರೆ ಪಿಎಸ್5 ಆಟದ ಯಂತ್ರದ ಬಿಳಿ ಡ್ಯುಯಲ್‌ಸೆನ್ಸ್ ಎರಡು. ಹಳೆಯ ಪಿಎಸ್4ರ ಕಪ್ಪು ಡ್ಯುಯಲ್‌ಶಾಕ್ 4 ಒಂದು. ಲ್ಯಾಪ್‌ಟಾಪಿಗೆ ಅಂತ ತಂದ ಎಕ್ಸ್‌ಬಾಕ್ಸ್ ಕಂಟ್ರೋಲರ್ ಒಂದು. ಇರುವುದು ಒನ್ ಬಿಎಚ್‌ಕೆ. ಟಿವಿ ಹತ್ತಿರ ಇರುವುದು ಎರಡೇ ಪ್ಲಗ್ ಪಾಯಿಂಟ್, ಅದರಲ್ಲಿ ಒಂದು ಸೆಟ್‌ಟಾಪ್ ಬಾಕ್ಸಿನದು.

ಇವತ್ತು ಮುಲುಂಡ್‌ನಿಂದ ಅಕ್ಕನ ಮಗ ಬಂದಿದ್ದ. ಫುಟ್‌ಬಾಲ್ ಪಂದ್ಯ ಪೆನಾಲ್ಟಿಗೆ ಹೋಯಿತು. ನನ್ನ ಮಗ ಓಡಿಬಂದು ಒದೆಯುವಷ್ಟರಲ್ಲಿ ಅವನ ಏಡಿ ಸತ್ತಿತು. "ಮಾಮ, ಇವನು ಸೋಲ್ತಾನೆ ಅಂತ ಬೇಕಂತಲೇ ಚಾರ್ಜ್ ಹಾಕಿಲ್ಲ" ಅಂತ ಅಕ್ಕನ ಮಗ, "ನೀನೇ ನಿನ್ನೆ ಕೇಬಲ್ ಕಿತ್ತದ್ದು" ಅಂತ ನನ್ನ ಮಗ. ಜಗಳ ಬಿಡಿಸಲು ಅಡುಗೆಮನೆಯಿಂದ ಬಂದ ಅಮ್ಮ ಅದೇ ಕೇಬಲ್‌ಗೆ ಕಾಲು ತಗುಲಿಸಿಕೊಂಡರು. ಬೀಳಲಿಲ್ಲ, ಸದ್ಯ. ಆದರೆ ಡಾಕ್, ಅಂದರೆ ಕಂಟ್ರೋಲರ್ ಕೂರಿಸಿ ಚಾರ್ಜ್ ಮಾಡುವ ಸ್ಟ್ಯಾಂಡ್, ತರುವ ತೀರ್ಮಾನ ಆಗಿಹೋಯಿತು.

ಜೂನ್ 11, ಬುಧವಾರ

ಆಫೀಸಿಗೆ ಹೋಗುವ ಲೋಕಲ್‌ನಲ್ಲಿ, ಕುರ್ಲಾದವರೆಗೆ ನಿಂತೇ, ಫೋನಿನಲ್ಲಿ ಲೆಕ್ಕ ಹಾಕಿದೆ.

ಡ್ಯುಯಲ್‌ಸೆನ್ಸ್ ಒಳಗಿನ ಬ್ಯಾಟರಿ 1,560 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ). ಡ್ಯುಯಲ್‌ಶಾಕ್ 4ರದು 1,000. ಎರಡು ಬಿಳಿ ಏಡಿಗಳಿಗೆ ಸೇರಿ 3,120. ಹಳೆಯ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿ ಆಂಪಿಯರ್. ಎರಡನ್ನೂ ಖಾಲಿಯಾಗಿ ಒಂದೇ ಅಂಥ ಪೋರ್ಟಿನ ಡಾಕ್ ಮೇಲೆ ಕೂರಿಸಿದರೆ ಆರು ಗಂಟೆ ದಾಟುತ್ತದೆ. ಯುಎಸ್‌ಬಿ 3 ಪೋರ್ಟಾದರೆ 900, ಸ್ವಲ್ಪ ವಾಸಿ.

ಇಲ್ಲಿ ನನಗೆ ಇದ್ದ ಒಂದು ತಪ್ಪು ಕಲ್ಪನೆ ಹೋಯಿತು. ಡಾಕ್ ಅಂದರೆ ಚಾರ್ಜರ್ ಅಂದುಕೊಂಡಿದ್ದೆ. ಅಲ್ಲ. ಲಿಥಿಯಂ ಬ್ಯಾಟರಿಗೆ ಎಷ್ಟು ಕೊಡಬೇಕು, 4.2 ವೋಲ್ಟ್ ಹತ್ತಿರ ಬಂದಾಗ ಹೇಗೆ ನಿಲ್ಲಿಸಬೇಕು ಅಂತ ನೋಡಿಕೊಳ್ಳುವ ಚಿಪ್ ಇರುವುದು ಕಂಟ್ರೋಲರ್ ಒಳಗೇ. ಡಾಕ್ ಕೊಡುವುದು ಬರೀ 5 ವೋಲ್ಟ್. ಅಂದರೆ ಅದೊಂದು ಚಂದದ ಪ್ಲಗ್, ಅಷ್ಟೇ. ಹಾಗಾಗಿ "ಫಾಸ್ಟ್ ಚಾರ್ಜಿಂಗ್ ಡಾಕ್" ಅಂತ ಡಬ್ಬದ ಮೇಲೆ ಬರೆದಿದ್ದರೆ ಅದನ್ನು ಓದದೆ ಮುಂದೆ ಹೋಗಬಹುದು. ನನ್ನ ಫೋನಿನ 65 ವ್ಯಾಟ್ ಅಡಾಪ್ಟರ್ ಹಾಕಿದರೂ ಕಂಟ್ರೋಲರ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ.

ಹಾಗಾದರೆ ದುಡ್ಡು ಯಾಕೆ ಕೊಡಬೇಕು? ಇಡಲು ಒಂದು ಜಾಗ ಸಿಗುತ್ತದೆ ಅಂತ. ಚಪ್ಪಲಿ ಸ್ಟ್ಯಾಂಡ್ ಇದ್ದಹಾಗೆ.

ಎಕ್ಸ್‌ಬಾಕ್ಸ್ ಏಡಿಯನ್ನು ಇಲ್ಲಿಗೇ ಲೆಕ್ಕದಿಂದ ತೆಗೆದೆ. ಅದಕ್ಕೆ ಬೇಕಾದದ್ದು ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಸೆಲ್. ರೀಚಾರ್ಜ್ ಆಗುವ ನಿಕಲ್ ಸೆಲ್ ನಾಲ್ಕು ತಂದು, ಎರಡು ಒಳಗೆ, ಎರಡು ಚಾರ್ಜರ್‌ನಲ್ಲಿ ಇಟ್ಟರೆ ಮುಗಿಯಿತು. ಅದಕ್ಕೂ ಡಾಕ್ ಸಿಗುತ್ತದೆ, ಹಿಂದಿನ ಮುಚ್ಚಳ ತೆಗೆದು ಬೇರೆ ಬ್ಯಾಟರಿ ಪ್ಯಾಕ್ ಕೂರಿಸುವಂಥದ್ದು. ಬೇಡ. ಒಮ್ಮೆ ಆ ಪ್ಯಾಕ್ ಹಳತಾದರೆ ಮತ್ತೆ ಅದೇ ಪ್ಯಾಕ್ ಹುಡುಕಿಕೊಂಡು ಅಲೆಯಬೇಕು. ಸೆಲ್ ಆದರೆ ಮೂಲೆ ಅಂಗಡಿಯಲ್ಲೂ ಸಿಗುತ್ತದೆ.

ಜೂನ್ 14, ಶನಿವಾರ

ಲ್ಯಾಮಿಂಗ್ಟನ್ ರೋಡ್, ಮುಂಬೈನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ. ರಸ್ತೆಯ ಬೋರ್ಡಿನಲ್ಲಿ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಅಂತ ಇದ್ದರೂ ಹಾಗೆ ಕರೆದವರನ್ನು ನಾನು ಕಂಡಿಲ್ಲ. ಭಾನುವಾರ ಬಹುಪಾಲು ಅಂಗಡಿ ಮುಚ್ಚಿರುತ್ತವೆ, ಅದಕ್ಕೇ ಶನಿವಾರ. ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ ವೆಸ್ಟರ್ನ್ ಲೈನ್ ಹಿಡಿದು ಗ್ರ್ಯಾಂಟ್ ರೋಡ್. ಮಳೆ ಅಂದರೆ ಮಳೆ. ಕೊಡೆ ಇದ್ದರೂ ಮೊಣಕಾಲಿನ ಕೆಳಗೆ ಪೂರಾ ಒದ್ದೆ.

ನಾಲ್ಕು ಅಂಗಡಿ ನೋಡಿದೆ. ಡ್ಯುಯಲ್‌ಸೆನ್ಸ್ ಡಾಕ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಕಂಟ್ರೋಲರ್‌ನ ಮೇಲಿನ ಯುಎಸ್‌ಬಿ-ಸಿ ಬಾಯಿಗೆ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ಡಾಂಗಲ್ ಸಿಕ್ಕಿಸಿಡಬೇಕು. ಆ ಡಾಂಗಲ್‌ನ ಲೋಹದ ಬಿಂದುಗಳು ಡಾಕ್‌ನ ಪಿನ್‌ಗಳಿಗೆ ತಾಗುತ್ತವೆ. ಇನ್ನೊಂದರಲ್ಲಿ ಡಾಂಗಲ್ ಬೇಡ. ಡ್ಯುಯಲ್‌ಸೆನ್ಸ್ ಕೆಳಗಡೆ, ಹೆಡ್‌ಫೋನ್ ತೂತಿನ ಪಕ್ಕ, ಎರಡು ಲೋಹದ ಪಟ್ಟಿಗಳಿವೆ. ಡಾಕ್ ನೇರ ಅದಕ್ಕೇ ತಾಗುತ್ತದೆ. ಎರಡು ವರ್ಷದಿಂದ ಕೈಯಲ್ಲಿ ಹಿಡಿದರೂ ಆ ಪಟ್ಟಿಗಳು ಯಾಕಿವೆ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಸೋನಿಯದೇ ಡಾಕ್ ಎರಡನೆಯ ಜಾತಿ. 2021ರ ಫೆಬ್ರವರಿಯಲ್ಲಿ ಪಿಎಸ್5 ಭಾರತಕ್ಕೆ ಬಂದಾಗ ಅದರ ಬೆಲೆ 2,590 ರೂಪಾಯಿ ಇತ್ತು, ಒಂದು ಡ್ಯುಯಲ್‌ಸೆನ್ಸ್‌ಗೆ 5,990 ಇದ್ದ ಕಾಲದಲ್ಲಿ. ಪ್ಲಾಸ್ಟಿಕ್ ಸ್ಟ್ಯಾಂಡಿಗೆ ಇಷ್ಟಾ ಅಂತ ಜೀವ ಒಪ್ಪಲಿಲ್ಲ. ಡಾಂಗಲ್ ಜಾತಿಯದು 850ಕ್ಕೆ ಸಿಕ್ಕಿತು. ಅಂಗಡಿಯವನು ಮೊದಲೇ ಹೇಳಿದ್ದ, "ಚೆಕ್ ಕರ್ಕೆ ಲೇ ಜಾವ್, ವಾಪಸ್ ನಹೀ ಹೋಗಾ." ನೋಡಿಕೊಂಡು ಒಯ್ಯಿ, ವಾಪಸ್ ತಗೊಳ್ಳುವುದಿಲ್ಲ ಅಂತ. ಚೆಕ್ ಮಾಡಲು ನಾನು ಕಂಟ್ರೋಲರ್ ಒಯ್ದಿರಲಿಲ್ಲ. ಮಳೆಯಲ್ಲಿ ಯಾರು ಒಯ್ಯುತ್ತಾರೆ ಹೇಳಿ.

ಜೂನ್ 17, ಮಂಗಳವಾರ

ಮೊದಲ ಎಡವಟ್ಟು. ಫೋನಿನ ಸಿ-ಟು-ಸಿ (ಎರಡೂ ತುದಿ ಯುಎಸ್‌ಬಿ-ಸಿ) ಕೇಬಲ್ ಹಾಕಿದರೆ ಡಾಕ್‌ಗೆ ಜೀವವೇ ಇಲ್ಲ. ಹಾಳಾಗಿದೆ ಅಂದುಕೊಂಡೆ. ಹಳೆಯ ಅಡಾಪ್ಟರ್ ಜೊತೆ ಎ-ಟು-ಸಿ (ಒಂದು ತುದಿ ಹಳೆಯ ಅಗಲ ಯುಎಸ್‌ಬಿ) ಕೇಬಲ್ ಹಾಕಿದ ಕೂಡಲೇ ದೀಪ ಹತ್ತಿತು.

ಕಾರಣ ಸಣ್ಣದು. ಸಿ-ಟು-ಸಿಯಲ್ಲಿ ಅಡಾಪ್ಟರ್ ಮೊದಲು ಆ ತುದಿಯಲ್ಲಿ ಯಾರಾದರೂ ಇದ್ದಾರಾ ಅಂತ ನೋಡುತ್ತದೆ. ಇದ್ದೇನೆ ಅಂತ ಹೇಳುವುದು 5.1 ಕಿಲೋ ಓಮ್‌ನ ಎರಡು ರೆಸಿಸ್ಟರ್, ಕರೆಂಟ್ ತಡೆಯುವ ಪುಟ್ಟ ಬಿಡಿಭಾಗಗಳು. ಅವು ಇಲ್ಲದಿದ್ದರೆ ಅಡಾಪ್ಟರ್ ಕರೆಂಟ್ ಬಿಡುವುದೇ ಇಲ್ಲ. ಎ ಪೋರ್ಟಿಗೆ ಆ ವಿಚಾರಣೆ ಇಲ್ಲ, 5 ವೋಲ್ಟ್ ಯಾವಾಗಲೂ ಇರುತ್ತದೆ. ಡಾಕ್‌ನ ತಳದ ನಾಲ್ಕು ಸ್ಕ್ರೂ ಬಿಚ್ಚಿ ನೋಡಿದೆ. ರೆಸಿಸ್ಟರ್ ಕೂರಿಸಬೇಕಾದ ಜಾಗ ಬೋರ್ಡಿನ ಮೇಲೆ ಇದೆ, ರೆಸಿಸ್ಟರ್ ಇಲ್ಲ! ಒಂದು ರೂಪಾಯಿಯ ವಸ್ತು.

ಜೂನ್ 22, ಭಾನುವಾರ

ಇದು ದೊಡ್ಡದು. ಐದು ದಿನದಿಂದ ಒಂದೇ ಗೋಳು. ರಾತ್ರಿ ಡಾಕ್ ಮೇಲೆ ಇಟ್ಟರೆ ಅರ್ಧ ಗಂಟೆಗೆ ಕೆಂಪು ದೀಪ ಹೋಗಿ ಹಸಿರು ಬರುತ್ತದೆ. ಬೆಳಿಗ್ಗೆ ಪಿಎಸ್5 ಹಚ್ಚಿ ನೋಡಿದರೆ ಪರದೆಯ ಮೇಲೆ ಬ್ಯಾಟರಿ ಒಂದೇ ಗೆರೆ. ಬಲಗಡೆಯ ಏಡಿಗೆ ಮಾತ್ರ ಹೀಗೆ.

ಇವತ್ತು ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ತೋರಿಸುವ ಯುಎಸ್‌ಬಿ ಮೀಟರ್ ನಡುವೆ ಸೇರಿಸಿ ಕೂತೆ. ಕಂಟ್ರೋಲರ್‌ಗೆ ನೇರ ಕೇಬಲ್ ಹಾಕಿದಾಗ ಅರ್ಧ ಆಂಪಿಯರ್ ಆಸುಪಾಸು. ಡಾಕ್‌ನ ಎಡಗಡೆ ಕೂರಿಸಿದರೂ ಅಷ್ಟೇ. ಬಲಗಡೆ ಇಟ್ಟರೆ ಮೊದಲು ಸರಿ, ಆಮೇಲೆ ಏಡಿ ತನ್ನ ಭಾರಕ್ಕೆ ಒಂದು ಕೂದಲೆಳೆ ವಾಲಿದರೂ ಸಾಕು, ಮೀಟರ್ ಸೊನ್ನೆಗೆ ಇಳಿಯುತ್ತದೆ. ಆ ಕ್ಷಣವೇ ಹಸಿರು ದೀಪ!

ಆಗ ಹೊಳೆಯಿತು. ಕಂಟ್ರೋಲರ್ ತೆಗೆದು ಖಾಲಿ ಡಾಕ್ ನೋಡಿದೆ. ಖಾಲಿ ಇದ್ದಾಗಲೂ ಹಸಿರೇ. ಈ ಡಾಕ್‌ಗೆ ಬ್ಯಾಟರಿ ತುಂಬಿದೆಯೋ ಇಲ್ಲವೋ ಗೊತ್ತೇ ಇಲ್ಲ. ಅದು ನೋಡುವುದು ಕರೆಂಟ್ ಹರಿಯುತ್ತಿದೆಯಾ ಅಂತ ಮಾತ್ರ. ಹರಿದರೆ ಕೆಂಪು, ನಿಂತರೆ ಹಸಿರು. ತುಂಬಿದಾಗಲೂ ನಿಲ್ಲುತ್ತದೆ, ಪಿನ್ ತಾಗದಿದ್ದಾಗಲೂ ನಿಲ್ಲುತ್ತದೆ. ಎರಡಕ್ಕೂ ಒಂದೇ ಹಸಿರು. ಉಪವಾಸ ಇದ್ದವನೂ ಊಟ ಮುಗಿಸಿದವನೂ ಎಲೆ ಮಡಚಿ ಕೂತ ಹಾಗೆ.

ನಂಬಬೇಕಾದದ್ದು ಕಂಟ್ರೋಲರ್‌ನ ಸ್ವಂತ ದೀಪವನ್ನು. ಡ್ಯುಯಲ್‌ಸೆನ್ಸ್ ಚಾರ್ಜ್ ಆಗುವಾಗ ಕಿತ್ತಳೆ ಬಣ್ಣದಲ್ಲಿ ನಿಧಾನ ಹತ್ತಿ ಆರುತ್ತದೆ. ಡಾಕ್ ಕೊಳ್ಳುವವರು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಕಂಟ್ರೋಲರ್ ಕೂರಿಸಿ, ಬೆರಳಲ್ಲಿ ಮೆಲ್ಲಗೆ ಆಚೆ ಈಚೆ ತಳ್ಳಿ. ಕಿತ್ತಳೆ ದೀಪ ತಪ್ಪಿದರೆ ಆ ಡಾಕ್ ಬೇಡ. ಎರಡೂ ಬದಿ ನೋಡಿ.

ಪಿನ್ ಸ್ವಲ್ಪ ಮೇಲೆತ್ತಿ ಸರಿಮಾಡೋಣ ಅಂದುಕೊಳ್ಳುವಷ್ಟರಲ್ಲಿ ಬಲಗಡೆಯ ಡಾಂಗಲ್ಲೇ ಕಾಣೆ. ಮಗ ಲ್ಯಾಪ್‌ಟಾಪಿಗೆ ಕೇಬಲ್ ಹಾಕಲು ಅದನ್ನು ಕಿತ್ತು ಎಲ್ಲೋ ಇಟ್ಟಿದ್ದ. ಸೋಫಾ ಎಳೆದು ಹುಡುಕಿದೆವು. "ಕಪ್ಪಗೆ ಚಿಕ್ಕದಾ? ಹುಣಸೆ ಬೀಜದ ಹಾಗೆ?" ಅಂದರು ಅಮ್ಮ. "ಬೆಳಿಗ್ಗೆ ಗುಡಿಸಿ ಕಸಕ್ಕೆ ಹಾಕಿದೆನಲ್ಲ." ಕಸದ ಗಾಡಿ ಒಂಬತ್ತಕ್ಕೇ ಬಂದು ಹೋಗಿತ್ತು.

850 ರೂಪಾಯಿಯ ಕಥೆ ಅಲ್ಲಿಗೆ ಮುಗಿಯಿತು.

ಜುಲೈ 5, ಶನಿವಾರ

ಕೊನೆಗೆ ಸೋನಿ ಕಂಪನಿಯದೇ ಡಾಕ್ ಕೊಂಡು ತಂದೆ. ಹೆಂಡತಿ ಏನೂ ಅನ್ನಲಿಲ್ಲ. 850 ಸೇರಿಸಿ ಒಟ್ಟು ಎಷ್ಟಾಯಿತು ಅಂತ ಮಾತ್ರ ಕೇಳಿದಳು.

ಎರಡು ಏಡಿಗಳನ್ನು ತಲೆಕೆಳಗೆ ಅಲ್ಲ, ಕಾಲೂರಿ ನಿಂತಂತೆ ಒತ್ತಿ ಕೂರಿಸಬೇಕು. ಟಿಕ್ ಅನ್ನುತ್ತದೆ. ಆ ಟಿಕ್‌ಗೇ ನಾನು ದುಡ್ಡು ಕೊಟ್ಟದ್ದು ಅನ್ನಬಹುದು. ತಳ್ಳಿ ನೋಡಿದೆ, ಅಲ್ಲಾಡಿಸಿದೆ, ಕಿತ್ತಳೆ ದೀಪ ತಪ್ಪಲಿಲ್ಲ. ಯುಎಸ್‌ಬಿ-ಸಿ ಬಾಯಿ ಖಾಲಿ ಇರುವುದರಿಂದ ಲ್ಯಾಪ್‌ಟಾಪ್ ಕೇಬಲ್ ಹಾಕಲು ಏನೂ ಕೀಳಬೇಕಿಲ್ಲ. ಜೊತೆಗೆ ಅದರದ್ದೇ ಅಡಾಪ್ಟರ್ ಬರುತ್ತದೆ, ಪಿಎಸ್5ರ ಪೋರ್ಟ್ ತಿನ್ನುವುದಿಲ್ಲ. ಒಂದೇ ತಕರಾರು, ಗೋಡೆಯ ಪ್ಲಗ್ ಒಂದು ಹೋಯಿತು. ಎಕ್ಸ್‌ಟೆನ್ಶನ್ ಬೋರ್ಡ್ ತರಲೇಬೇಕಾಯಿತು.

ಬೇರೆ ಕಂಪನಿಯ ಅಡಾಪ್ಟರ್ ಕೊಳ್ಳುವವರು ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, "ಐಎಸ್" ಅಂತ ಶುರುವಾಗುವ ಮಾನಕದ ಅಂಕಿ, "ಆರ್" ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ. ರಾತ್ರಿಯಿಡೀ ಕರೆಂಟಿನಲ್ಲೇ ಇರುವ ವಸ್ತು ಅದು. ಡಾಕ್‌ನಲ್ಲಿ ಜಿಪುಣತನ ಮಾಡಿದರೂ ಅಡಾಪ್ಟರ್‌ನಲ್ಲಿ ಬೇಡ.

ಕಪ್ಪು ಏಡಿ ಇದರ ಮೇಲೆ ಕೂರುವುದಿಲ್ಲ, ಆಕಾರವೇ ಬೇರೆ. ಅದರ ಮೈಕ್ರೋ ಯುಎಸ್‌ಬಿ ಬಾಯನ್ನು ನಾವೇ ವರ್ಷಗಟ್ಟಲೆ ಎಳೆದಾಡಿ ಸಡಿಲ ಮಾಡಿಟ್ಟಿದ್ದೇವೆ. ಕೇಬಲ್‌ಗೆ ರಬ್ಬರ್ ಬ್ಯಾಂಡ್ ಕಟ್ಟಿ ಚಾರ್ಜ್ ಮಾಡುವ ಸ್ಥಿತಿ. ಅದನ್ನು ಎಸೆಯುವ ಮನಸ್ಸಿರಲಿಲ್ಲ. ಪಿಎಸ್5ನಲ್ಲೂ ಪಿಎಸ್4ರ ಆಟಗಳಿಗೆ ಅದು ನಡೆಯುತ್ತದೆ, ಅಕ್ಕನ ಮಗ ಬಂದರೆ ಮೂರನೆಯವನಿಗೆ ಬೇಕು.

ಜುಲೈ 12, ಶನಿವಾರ

ಕಪ್ಪು ಏಡಿಗೆ ದಾರಿ ಸಿಕ್ಕಿತು. ಡ್ಯುಯಲ್‌ಶಾಕ್ 4ರ ಕೆಳಗಡೆ, ಹೆಡ್‌ಫೋನ್ ತೂತಿನ ಪಕ್ಕ, ಎಕ್ಸ್‌ಟೆನ್ಶನ್ ಪೋರ್ಟ್ ಅಂತ ಒಂದಿದೆ. ಅದರ ಮೂಲಕವೂ ಚಾರ್ಜ್ ಆಗುತ್ತದೆ. ಅದಕ್ಕೆ ಹೊಂದುವ ಹಳೆಯ ಡಾಕ್ ಒಂದನ್ನು ಆಫೀಸಿನ ಗೆಳೆಯ ಠಾಣೆಯಿಂದ ತಂದು ಕೊಟ್ಟ. ದುಡ್ಡು ಬೇಡ, ನೀರ್ ದೋಸೆ ಸಾಕು ಅಂದ. ಸಡಿಲ ಬಾಯಿಯ ಚಿಂತೆಯೇ ಹೋಯಿತು.

ಜುಲೈ 20, ಭಾನುವಾರ

ಮಳೆಗಾಲ ತನ್ನ ಕೆಲಸ ಮಾಡಿದೆ. ಟಿವಿ ಸ್ಟ್ಯಾಂಡ್ ಕಿಟಕಿಗೆ ಹತ್ತಿರ. ಎರಚಲು ಒಳಗೆ ಬರದಿದ್ದರೂ ಗಾಳಿಯಲ್ಲಿ ಪಸೆ. ಅದಕ್ಕೆ ಮಕ್ಕಳ ಕೈಯ ಬೆವರು, ಚಿಪ್ಸ್‌ನ ಉಪ್ಪು. ಠಾಣೆಯ ಡಾಕ್‌ನ ಲೋಹದ ಮೇಲೆ ಹಸಿರು ಕಿಲುಬು ಕಂಡಿತು. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕಿವಿ ಬಡ್ಸ್ ಅದ್ದಿ, ಪ್ಲಗ್ ಕಿತ್ತಿಟ್ಟು ಒರೆಸಿದೆ. ನಾಲ್ಕು ಬಡ್ಸ್ ಕಪ್ಪಾದವು. ಬಿಳಿ ಏಡಿಗಳ ಪಟ್ಟಿಗಳನ್ನೂ ಒರೆಸಿದೆ, ಅಲ್ಲಿ ಬರೀ ಜಿಡ್ಡು.

ಎರಡೂ ಡಾಕ್ ಈಗ ಒಳಗೋಡೆಯ ಶೆಲ್ಫ್ ಮೇಲೆ. ಹೆಂಡತಿ ಡ್ರಾಯರ್ ಒಳಗೆ ಇಡು ಅಂದಳು, ಧೂಳು ಕೂರುವುದಿಲ್ಲ ಅಂತ. ಆದರೆ ಮುಚ್ಚಿದ ಡ್ರಾಯರ್‌ನಲ್ಲಿ ಚಾರ್ಜ್‌ನ ಬಿಸಿ ನಿಲ್ಲುತ್ತದೆ, ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ. ಕೊನೆಗೆ ಹಳೆಯ ಹತ್ತಿ ಪಂಚೆಯ ತುಂಡು ಮೇಲೆ ಹೊದಿಸುವುದು, ಚಾರ್ಜ್ ಆಗುವಾಗ ತೆಗೆಯುವುದು ಅಂತ ರಾಜಿ.

ಜುಲೈ 27, ಭಾನುವಾರ

ಇವತ್ತು ಪೆನಾಲ್ಟಿ ಆಯಿತು, ಯಾವ ಏಡಿಯೂ ಸಾಯಲಿಲ್ಲ. ಮಗ ಸೋತ. ಈ ಸಲ ನೆಪ ಸಿಗಲಿಲ್ಲ ಪಾಪ.

ಮಕ್ಕಳಿಗಿಂತ ಮೊದಲು ಡಾಕ್ ಅಭ್ಯಾಸ ಆದದ್ದು ಅಮ್ಮನಿಗೆ. ಸಂಜೆ ದೀಪ ಹಚ್ಚಿ ಬಂದವರು ಸೋಫಾ ಮೇಲಿನ ಏಡಿಗಳನ್ನು ಒಂದೊಂದಾಗಿ ಎತ್ತಿ ಟಿಕ್ ಅನ್ನಿಸಿ ಕೂರಿಸುತ್ತಾರೆ. ಕಿತ್ತಳೆ ದೀಪ ಬಂದರೆ, "ಹಾಂ, ಉಸಿರಾಡ್ತಾ ಉಂಟು" ಅನ್ನುತ್ತಾರೆ.

ಬಾಕಿ ಇರುವುದು ಒಂದೇ. ಆ 850ರ ಡಾಕ್ ಇನ್ನೂ ಎಸೆದಿಲ್ಲ, ಎಡಗಡೆ ಸರಿಯಾಗೇ ಇದೆ. ಮುಂದಿನ ಸಲ ಗ್ರ್ಯಾಂಟ್ ರೋಡ್‌ಗೆ ಹೋದಾಗ 5.1 ಕಿಲೋ ಓಮ್ ರೆಸಿಸ್ಟರ್ ಎರಡು ತರಬೇಕು. ಬೆಸುಗೆ ಹಾಕಿ ಸಿ-ಟು-ಸಿಯಲ್ಲಿ ಹತ್ತುತ್ತದಾ ನೋಡಬೇಕು.