ಹಿಂದಿನ ಸೀಟಿನ ಕೆಳಗೆ ಒಂದು ಮುಚ್ಚಳ

ಹೋದ ತಿಂಗಳು ಬನಶಂಕರಿಯಲ್ಲಿ ಮನೆ ಮುಂದೆಯೇ ನಮ್ಮ ಕಾರು ನಿಂತುಬಿಟ್ಟಿತು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಕೀ ಆನ್ ಮಾಡಿದಾಗ ಹಿಂದಿನಿಂದ ಎರಡು ಸೆಕೆಂಡ್ ಗುಂಯ್ ಅನ್ನುತ್ತಿತ್ತಲ್ವಾ, ಟ್ಯಾಂಕಿನೊಳಗಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪಿನ ಆ ಸದ್ದೇ ಇಲ್ಲ. ಫ್ಯೂಸ್ ಸರಿ ಇತ್ತು. ಪಂಪಿಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ ಜಾಗಕ್ಕೆ ಅದೇ ನಂಬರಿನ ಹಾರ್ನ್ ರಿಲೇ ತೆಗೆದು ಹಾಕಿ ನೋಡಿದೆ, ಆದರೂ ಸದ್ದಿಲ್ಲ. ಪಂಪಿನ ವೈರ್ ಸೇರುವ ಕಪ್ಲರ್‌ಗೆ 12 ವೋಲ್ಟ್ ಬರುತ್ತಿತ್ತು, ಅರ್ಥಿಂಗೂ ಸರಿ ಇತ್ತು. ಹೋಗಿದ್ದು ಪಂಪೇ.

ನಮ್ಮ ಕಾರಿನಲ್ಲಿ ಹಿಂದಿನ ಸೀಟಿನ ಕುಶನ್ ಎತ್ತಿದರೆ ಒಂದು ತಗಡಿನ ಮುಚ್ಚಳ, ನಾಲ್ಕು ಸ್ಕ್ರೂ, ಅದರ ಕೆಳಗೇ ಪಂಪ್. ಭಾವನ ಕಾರಿನಲ್ಲಿ ಅದಿಲ್ಲ. ಅವರ ಪಂಪ್ ಹೋದಾಗ ಪೆಟ್ರೋಲ್ ಖಾಲಿ ಮಾಡಿ, ಪೈಪುಗಳನ್ನೆಲ್ಲ ಬಿಚ್ಚಿ, ಟ್ಯಾಂಕನ್ನೇ ಕೆಳಗಿಳಿಸಬೇಕಾಯಿತು. ಇಡೀ ದಿನ ಹಿಡಿಯಿತು. ಪಂಪ್ ಇಂದಲ್ಲ ನಾಳೆ ಹೋಗುವ ವಸ್ತು, ಅದಕ್ಕೆ ಕೈ ಹೋಗುವಷ್ಟು ಜಾಗ ಬಿಡದೆ ಕಾರು ಮಾಡುವುದು ತಪ್ಪು ಅಂತ ನನಗೆ ಬಲವಾಗಿ ಅನಿಸುತ್ತದೆ. ಹಾಗಂತ ಮುಚ್ಚಳ ಇಲ್ಲದ ಕಾರಿನ ನೆಲವನ್ನು ನೀವೇ ಕೊರೆಯಬೇಡಿ. ಕೆಳಗಿರುವುದು ಪೆಟ್ರೋಲ್ ಟ್ಯಾಂಕ್, ಒಂದು ಕಿಡಿ ಸಾಕು.

ಮುಚ್ಚಳ ಇದ್ದರೆ ಮನೆಯಲ್ಲೇ ಮಾಡಬಹುದು, ಆದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬೇಡವೇ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ನಾನು ಬಯಲಲ್ಲಿ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ತೆಗೆದು ಶುರು ಮಾಡಿದೆ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಟ್ರೋಲ್ ಇದ್ದರೆ ಒಳ್ಳೆಯದು. ಪೆಟ್ರೋಲ್ ಪೈಪಿನಲ್ಲಿ 3–4 ಬಾರ್ ಒತ್ತಡ ಇರುತ್ತದೆ. ಪಂಪ್ ಓಡುತ್ತಿದ್ದರೆ ಅದರ ಫ್ಯೂಸ್ ಕಿತ್ತು, ಎಂಜಿನ್ ತಾನೇ ಆಫ್ ಆಗುವವರೆಗೆ ಓಡಿಸಿ ಒತ್ತಡ ಇಳಿಸಬಹುದು, ನನ್ನದು ಸತ್ತೇ ಹೋಗಿದ್ದರಿಂದ ಪೈಪಿಗೆ ಬಟ್ಟೆ ಸುತ್ತಿ ನಿಧಾನಕ್ಕೆ ಬಿಚ್ಚಿದೆ.

ಮುಚ್ಚಳದ ಕೆಳಗೆ ನಮ್ಮೂರಿನ ಧೂಳೆಲ್ಲ ಕೂತಿರುತ್ತದೆ. ಮೊದಲು ಬ್ರಷ್ಷು, ಒದ್ದೆ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಅದೆಲ್ಲ ಟ್ಯಾಂಕಿಗೇ ಬೀಳುತ್ತದೆ. ಪಂಪನ್ನು ಟ್ಯಾಂಕಿಗೆ ಹಿಡಿದಿಡುವ ದೊಡ್ಡ ಪ್ಲಾಸ್ಟಿಕ್ ರಿಂಗನ್ನು ತಿರುಗಿಸಲು ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಾರೆ, ಅದು ಅಪಾಯ. ನಾನು ಮರದ ತುಂಡಿಟ್ಟು ತಟ್ಟಿದೆ. ಪಂಪ್ ಎತ್ತುವಾಗ ಓರೆ ಮಾಡಿ, ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟ್ ಕಡ್ಡಿ ಬಾಗಬಾರದು.

ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಪಂಪಿನ ಮೋಟಾರ್ ಒಂದೇ ಸಿಕ್ಕಿತು. ಕೆಲವು ಕಾರುಗಳಿಗೆ ಪೂರ್ತಿ ಸೆಟ್ ತೆಗೆದುಕೊಳ್ಳದೆ ದಾರಿಯಿಲ್ಲ, ಅದೂ ಬದಲಾಗಬೇಕು. ಜೊತೆಗೆ ಪೆಟ್ರೋಲ್ ಸೋಸುವ ಹೊಸ ಜಾಲಿ, ಹೊಸ ರಬ್ಬರ್ ರಿಂಗ್ ತಂದೆ. ಹಳೆಯ ರಿಂಗ್ ಪೆಟ್ರೋಲ್ ಕುಡಿದು ಊದಿಕೊಂಡಿರುತ್ತದೆ, ಮತ್ತೆ ಕೂರುವುದಿಲ್ಲ. ಟ್ಯಾಂಕಿನ ಒಳಗಿನ ಪೈಪಿಗೆ ಪೆಟ್ರೋಲಿನಲ್ಲಿ ಮುಳುಗಿರಲೆಂದೇ ಮಾಡಿದ್ದು ಬೇಕು, ಮಾಮೂಲಿ ರಬ್ಬರ್ ಪೈಪ್ ಹೊರಗಿನಿಂದಲೂ ನೆನೆದು ಹಾಳಾಗುತ್ತದೆ. 2023ರ ಫೆಬ್ರುವರಿಯಲ್ಲಿ ಇದೇ ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರಲ್ಲ, ಹಾಗಾಗಿ ಎಥನಾಲ್ ತಡೆಯುತ್ತದಾ ಅಂತಲೂ ಕೇಳಿಕೊಳ್ಳಿ.

ಬಾಣದ ಗುರುತು ಕೂಡಿಸಿ ಪ್ಲಾಸ್ಟಿಕ್ ರಿಂಗ್ ಬಿಗಿ ಮಾಡಿದೆ. ಬ್ಯಾಟರಿ ಜೋಡಿಸಿ, ಸೆಲ್ಫ್ ಹೊಡೆಯದೆ ಮೂರು ಸಲ ಕೀ ಆನ್ ಮಾಡಿದೆ. ಗುಂಯ್ ಅಂದಿತು! ಎಲ್ಲೂ ಸೋರುತ್ತಿಲ್ಲ ಅಂತ ನೋಡಿದ ಮೇಲೇ ಸೀಟು ಕೂರಿಸಿದ್ದು. ಸುಮ್ನೆ ರಿಸರ್ವಿನಲ್ಲೇ ಓಡಿಸುವ ಅಭ್ಯಾಸವನ್ನೂ ಬಿಟ್ಟಿದ್ದೇನೆ, ಆ ಮೋಟಾರನ್ನು ತಣ್ಣಗಿಡುವುದು ಸುತ್ತ ಇರುವ ಪೆಟ್ರೋಲೇ.

ಭಾವ ಈಗ ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದಾರೆ. ಭಾನುವಾರ ಒಂದನ್ನು ನೋಡಲು ಹೋದಾಗ, ಬಾನೆಟ್ ತೆಗೆಯುವ ಮೊದಲು ಇಬ್ಬರೂ ಸೇರಿ ಹಿಂದಿನ ಸೀಟು ಎತ್ತಿದೆವು.