ಚೈನ್ ಲಾಕ್

ನಿನ್ನೆ ಸಂಜಿಕೆ ಗಾಡಿಗೆ ಹೊಸಾ ಚೈನ್ ಹಾಕ್ಸಿದೆ. ಇವತ್ತ ಮುಂಜಾನೆ ಹುಬ್ಬಳ್ಳಿಯಿಂದ ಧಾರವಾಡಕ್ಕ ಹೊಂಟಾಗ ಉಣಕಲ್ ಕೆರಿ ದಾಟೂದ್ರಾಗ ಖಟ್ ಅಂತು. ಇಂಜಿನ್ ಬರೇ ಒದರತೈತಿ, ಗಾಡಿ ಮುಂದ ಹೋಗವಲ್ದು. ತಿರುಗಿ ನೋಡಿದ್ರ ಚೈನ್ ರೋಡಿನ ಮ್ಯಾಲ ಸತ್ತ ಹಾವಿನಂಗ ಬಿದ್ದೈತಿ.

ಬಾಜೂಕ ಚಿಗರಿ ಬಸ್ ಸುಂಯ್ ಅಂತ ಹೋತು, ಒಳಗಿದ್ದವ್ರಿಗೆ ಎಸಿ. ನಾ ಭೈರಿದೇವರಕೊಪ್ಪದತನಕ ನೂಕಿದೆ.

ಅಲ್ಲಿ ಗ್ಯಾರೇಜಿನ ಹುಡುಗ ಕೇಳಿದ: "ಲಾಕ್ ಎಲ್ಲೈತ್ರಿ ಅಣ್ಣಾರ?"

ಲಾಕ್ ಅಂದ್ರ ಚೈನಿನ ಎರಡೂ ತುದಿ ಕೂಡಿಸಿ ಹಿಡಿಯೂ, ಉಗುರಿನಷ್ಟ ಒಂದು ಕ್ಲಿಪ್. ನೋಡಾಕ ಥೇಟ್ ಮೀನು. ಮೀನಿನ ತಲಿ ಚೈನ್ ಓಡೂ ಕಡೆ ಇರಬೇಕಂತ, ಬಾಯಿ ತೆರೆದ ಬಾಲ ಹಿಂದ. ಉಲ್ಟಾ ಹಾಕಿದ್ರ ಏನರ ತಾಗಿ ಕಳಚಿಕೊಳ್ತೈತಿ.

ನಿನ್ನೆಯವಂಗ ಫೋನ್ ಹಚ್ಚಿದೆ. "ನಾ ಸರೀನ ಹಾಕೀನ್ರಿ ಸರ, ಮಾಲ್ ನಿಮ್ದ ಅಲ್ರಿ?"

ಖರೇನ. ಇನ್ನೂರು ರೂಪಾಯಿ ಉಳಸಾಕ ಚೈನ್ ನಾನ ತಂದಿದ್ದೆ. "ಲಗೂ ಮಾಡಪಾ, ಮಳಿ ಬರೂ ಹಂಗೈತಿ" ಅಂತ ಅವನ ತಲಿ ಮ್ಯಾಲ ನಿಂತವನೂ ನಾನ. ಆದ್ರ ಮೀನಿನ ತಲಿ ಯಾ ಕಡೆ ಐತಿ ಅಂತ ನೋಡೂದು ನನ್ನ ಕೆಲಸ ಏನ್ರಿ? ಮತ್ತ ಮಜೂರಿ ಯಾತಕ್ಕ ಕೊಟ್ಟೆ?

ಜಗಳಾ ತಗೀಬೇಕಂದ್ರ ಸಾಕ್ಷಿ ಬೇಕು. ಸಾಕ್ಷಿ ಹೊಸೂರಿಗೂ ಉಣಕಲ್ಲಿಗೂ ನಡುವ ಯಾವ್ದೋ ತಗ್ಗಿನ್ಯಾಗ ಬಿದ್ದೈತಿ.

ಹುಡುಗ ಹೊಸಾ ಲಾಕ್ ಹಾಕಿದ. ಈ ಸಲ ನಾನೂ ಕುಕ್ಕರಗಾಲಿಲೆ ಕುಂತು, ಕನ್ನಡಕ ಏರಿಸಿ, ಮೀನ ನೋಡಿದೆ.